ಫ್ಯೂಸ್ ಹಾಕಿದರೆ ಸಾಕೇ? ಮನೆಯಲ್ಲಿ ಜೋಡಿಸಿದ ವೇಪ್, ಲಿಥಿಯಂ ಸೆಲ್ ಮತ್ತು ಸುಟ್ಟಗಾಯ



"ಅಮ್ಮಾ, ಫ್ಯೂಸ್ ಹಾಕಿದ್ದೀನಿ, ಏನೂ ಆಗಲ್ಲ."

ಮಗನ ಓದುವ ಮೇಜಿನ ಮೇಲೆ ಪೆನ್ಸಿಲ್ ಸೆಲ್‌ಗಿಂತ ದಪ್ಪನೆಯ ಒಂದು ಸೆಲ್, ಸ್ಪ್ರಿಂಗಿನಂತೆ ಸುತ್ತಿದ ಸಣ್ಣ ತಂತಿ, ಚೂರು ಹತ್ತಿ, ಬೆರಳುದ್ದದ ಒಂದು ಲೋಹದ ಕೊಳವೆ ಕಾಣುತ್ತೀರಿ. ಇದೇನೋ ಎಂದು ಕೇಳಿದರೆ ಈ ಉತ್ತರ ಬರುತ್ತದೆ. ಆಗ ನೀವು ಏನು ಹೇಳುತ್ತೀರಿ? ಫ್ಯೂಸ್ ಎಂಬ ಮಾತು ಕೇಳಿದ ಕೂಡಲೇ ನಮಗೆ ಅರ್ಧ ಸಮಾಧಾನ ಆಗಿಬಿಡುತ್ತದೆ. ಮನೆಯ ಮೀಟರ್ ಬೋರ್ಡಿನಲ್ಲೂ ಫ್ಯೂಸ್ ಇದೆ, ಕಾರಿನಲ್ಲೂ ಇದೆ, ಇದರಲ್ಲೂ ಇದೆಯಂತೆ, ಸರಿ ಬಿಡು ಎನಿಸುತ್ತದೆ.

ಇಂದಿನ ಪಾಠ ಆ ಅರ್ಧ ಸಮಾಧಾನದ ಬಗ್ಗೆಯೇ. ಫ್ಯೂಸ್ ಏನು ಮಾಡುತ್ತದೆ, ಸರಿಯಾದ ಫ್ಯೂಸ್ ಆರಿಸುವುದು ಹೇಗೆ, ಎಷ್ಟೇ ಒಳ್ಳೆಯ ಫ್ಯೂಸ್ ಹಾಕಿದರೂ ಅದರ ಕೈಗೆ ಸಿಗದ ಅಪಾಯಗಳು ಯಾವುವು, ಮೈ ಸುಟ್ಟರೆ ಮೊದಲ ಅರ್ಧ ಗಂಟೆಯಲ್ಲಿ ಏನು ಮಾಡಬೇಕು ಎಂಬುದನ್ನು ಒಂದೊಂದಾಗಿ ನೋಡೋಣ. ಸ್ವಲ್ಪ ಲೆಕ್ಕ ಬರುತ್ತದೆ, ಆದರೆ ಏಳನೇ ಕ್ಲಾಸಿನ ಭಾಗಾಕಾರಕ್ಕಿಂತ ಹೆಚ್ಚಿನದೇನೂ ಇಲ್ಲ. ಪೂರ್ತಿ ಓದಿ.

*1. ಈ ಸಾಧನ ಏನು?*

ವೇಪ್ ಅಥವಾ ಇ-ಸಿಗರೇಟ್ ಎಂದರೆ ದ್ರವವನ್ನು ಬಿಸಿ ಮಾಡಿ ಆವಿಯಂತೆ ಎಳೆದುಕೊಳ್ಳುವ ಸಾಧನ. ಬ್ಯಾಟರಿಯಿಂದ ಕರೆಂಟ್ ಹರಿದು ಸುರುಳಿ ತಂತಿ ಕಾಯುತ್ತದೆ. ತಂತಿಯೊಳಗಿನ ಹತ್ತಿಯಲ್ಲಿ ನೆನೆದ ದ್ರವ ಆವಿಯಾಗುತ್ತದೆ. ಆ ದ್ರವದಲ್ಲಿ ಹೆಚ್ಚಾಗಿ ನಿಕೋಟಿನ್ ಇರುತ್ತದೆ.

ಕಂಪನಿಯಲ್ಲಿ ತಯಾರಾದ ಸಾಧನಗಳಲ್ಲಿ ಸಾಮಾನ್ಯವಾಗಿ ಒಂದು ಚಿಪ್ ಇರುತ್ತದೆ. ಕರೆಂಟ್ ಹೆಚ್ಚಾದರೆ, ಸೆಲ್ ಖಾಲಿಯಾದರೆ ಅದು ತಡೆಯುತ್ತದೆ. ಮನೆಯಲ್ಲಿ ಜೋಡಿಸುವ ಸಾಧನದಲ್ಲಿ ಎಷ್ಟೋ ಸಲ ಈ ಚಿಪ್ ಇರುವುದಿಲ್ಲ. ಒಂದು ಕೊಳವೆ, ಒಂದು ಸೆಲ್, ಒಂದು ಬಟನ್, ಒಂದು ಸುರುಳಿ, ಅಷ್ಟೇ. ಬಟನ್ ಒತ್ತಿದರೆ ಸೆಲ್ಲಿಗೂ ಸುರುಳಿಗೂ ನೇರ ಸಂಬಂಧ, ನಡುವೆ ಕಾವಲಿಗೆ ಯಾರೂ ಇಲ್ಲ. ಅಮೆರಿಕ, ಯುರೋಪಿನಲ್ಲಿ ಇದೊಂದು ಹವ್ಯಾಸವಾಗಿ ಬೆಳೆಯಿತು. ಅಲ್ಲಿನ ಹವ್ಯಾಸಿಗಳೇ ಈ ಕೊರತೆ ಕಂಡು, ಕೊಳವೆಯೊಳಗೆ ಫ್ಯೂಸ್ ಇಡುವ ಉಪಾಯ ಹುಡುಕಿದರು. ವಿಡಿಯೊ ನೋಡಿ ಕಲಿಯುವ ನಮ್ಮ ಮಕ್ಕಳಿಗೂ ಆ ಉಪಾಯ ಅಲ್ಲಿಂದಲೇ ಬಂದದ್ದು.

ಕಾನೂನಿನ ಮಾತನ್ನೂ ಇಲ್ಲೇ ಹೇಳಿಬಿಡುತ್ತೇವೆ. ಭಾರತದಲ್ಲಿ 2019ರಿಂದ ಇ-ಸಿಗರೇಟ್ ನಿಷೇಧವಿದೆ. ತಯಾರಿಕೆ, ಆಮದು, ಮಾರಾಟ, ಸಾಗಣೆ, ದಾಸ್ತಾನು, ಜಾಹೀರಾತು ಎಲ್ಲವೂ ಅಪರಾಧ. ಬಿಡಿಭಾಗಗಳನ್ನು ಜೋಡಿಸುವುದನ್ನೂ ಕಾಯ್ದೆ ತಯಾರಿಕೆ ಎಂದೇ ಎಣಿಸುತ್ತದೆ. ತಯಾರಿಕೆಗೆ ಮೊದಲ ಸಲ ಒಂದು ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಕರ್ನಾಟಕ ಇದಕ್ಕೂ ಮೊದಲೇ, 2016ರಲ್ಲೇ, ಇದನ್ನು ನಿಷೇಧಿಸಿತ್ತು. ಹಾಗಾಗಿ ಈ ಲೇಖನ ವೇಪ್ ಮಾಡುವ ಪಾಠ ಅಲ್ಲ. ಮನೆಯಲ್ಲಿ ಅದು ಕಂಡರೆ ಅದರೊಳಗಿನ ಅಪಾಯ ಎಲ್ಲಿದೆ ಎಂದು ತಿಳಿಯುವ ಪಾಠ. ಎಮರ್ಜೆನ್ಸಿ ಲ್ಯಾಂಪ್, ಪವರ್ ಬ್ಯಾಂಕ್, ಕಾಲೇಜಿನ ಪ್ರಾಜೆಕ್ಟ್ ಎಂದು ಲಿಥಿಯಂ ಸೆಲ್ ಕೈಗೆತ್ತಿಕೊಳ್ಳುವ ಎಲ್ಲ ಮಕ್ಕಳಿಗೂ ಇದು ಬೇಕಾಗುತ್ತದೆ.

*2. ಆ ದಪ್ಪ ಸೆಲ್‌ನಲ್ಲಿ ಏನಿದೆ?*

ಇದಕ್ಕೆ 18650 ಸೆಲ್ ಎನ್ನುತ್ತಾರೆ. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ, ಅದಕ್ಕೇ ಆ ಹೆಸರು. ಹಳೆಯ ಲ್ಯಾಪ್‌ಟಾಪ್ ಬ್ಯಾಟರಿ ಒಡೆದರೆ ಒಳಗೆ ಇಂಥವೇ ಸಾಲಾಗಿ ಸಿಗುತ್ತವೆ. ಮುಂಬೈಯ ಲ್ಯಾಮಿಂಗ್ಟನ್ ರೋಡ್, ಚೆನ್ನೈಯ ರಿಚಿ ಸ್ಟ್ರೀಟ್, ಬೆಂಗಳೂರಿನ ಎಸ್.ಪಿ. ರೋಡಿನಂಥ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಗಳಲ್ಲಿ ಸೆಲ್ಲೂ ಸಿಗುತ್ತದೆ, ಹೋಲ್ಡರೂ ಸಿಗುತ್ತದೆ, ಫ್ಯೂಸೂ ಸಿಗುತ್ತದೆ.

ಪೂರ್ತಿ ಚಾರ್ಜ್ ಆದ ಸೆಲ್‌ನಲ್ಲಿ ಇರುವುದು 4.2 ವೋಲ್ಟ್. ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ. ಅದಕ್ಕೇ ಇದು ಸಾಧು ಎಂದು ನಂಬುತ್ತೇವೆ. ಅಪಾಯ ಇರುವುದು ವೋಲ್ಟಿನಲ್ಲಿ ಅಲ್ಲ, ಆಂಪಿಯರಿನಲ್ಲಿ. ಎರಡು ತುದಿಗಳನ್ನು ಒಂದು ಬೀಗದ ಕೈ ಮುಟ್ಟಿಸಿದರೆ ಸಾಕು, ಒಳ್ಳೆಯ ಸೆಲ್ ಕ್ಷಣದಲ್ಲಿ ನೂರು ಆಂಪಿಯರಿನ ಆಸುಪಾಸು ಕರೆಂಟ್ ಕೊಡಬಲ್ಲದು. ಮನೆಯ ಗೀಸರ್‌ಗೆ ಬೇಕಾಗುವುದು ಹತ್ತು ಆಂಪಿಯರ್ ಚಿಲ್ಲರೆ. ಹೋಲಿಸಿ ನೋಡಿ.

ಹೀಗೆ ಕಾದ ಸೆಲ್‌ನೊಳಗೆ ಎರಡು ಪದರಗಳನ್ನು ಬೇರೆ ಇಟ್ಟಿರುವ ತೆಳು ಪ್ಲಾಸ್ಟಿಕ್ ಹಾಳೆ ಕರಗುತ್ತದೆ. ಅಲ್ಲಿಂದ ಮುಂದೆ ಸೆಲ್‌ಗೆ ಹೊರಗಿನ ಕರೆಂಟ್ ಬೇಡ, ತನ್ನ ಬಿಸಿಯಲ್ಲೇ ತಾನು ಇನ್ನಷ್ಟು ಬಿಸಿಯಾಗುತ್ತಾ ಹೋಗುತ್ತದೆ. ಒಳಗಿರುವ ದ್ರವ ಹತ್ತಿ ಉರಿಯುವಂಥದ್ದು. ಅನಿಲ ಉಬ್ಬಿ ಹೊರಗೆ ಚಿಮ್ಮುತ್ತದೆ. ಸೆಲ್ ಬಯಲಲ್ಲಿದ್ದರೆ ಹೊಗೆ, ಬೆಂಕಿ. ಬಿಗಿಯಾದ ಲೋಹದ ಕೊಳವೆಯೊಳಗಿದ್ದರೆ ಅದು ನಾಡಬಂದೂಕಿನ ನಳಿಗೆ ಇದ್ದಂತೆ. ಒಂದು ತುದಿ ಹಾರಿಹೋಗುತ್ತದೆ. ಆ ತುದಿ ಇರುವುದು ಬಾಯಿಯ ಹತ್ತಿರ.

*3. ಫ್ಯೂಸ್ ಮಾಡುವ ಕೆಲಸ*

ಹಳೆಯ ಚಾಳುಗಳಲ್ಲಿ, ಊರಿನ ಮನೆಗಳಲ್ಲಿ ಬಿಳಿ ಪಿಂಗಾಣಿಯ ಕಿಟ್‌ಕ್ಯಾಟ್ ಫ್ಯೂಸ್ ನೋಡಿರುತ್ತೀರಿ. ಒಳಗೆ ಕೂದಲೆಳೆಯಂಥ ತಂತಿ. ಕರೆಂಟ್ ಮಿತಿ ಮೀರಿದರೆ ಮೊದಲು ಅದು ಕರಗಿ ಬಲಿಯಾಗುತ್ತದೆ, ಮನೆಯ ವೈರಿಂಗ್ ಉಳಿಯುತ್ತದೆ. ಪದೇ ಪದೇ ಫ್ಯೂಸ್ ಹೋಗುತ್ತದೆ ಎಂದು ಬೇಸತ್ತು, ದಪ್ಪ ತಾಮ್ರದ ತಂತಿ ಸುತ್ತಿದ ಪುಣ್ಯಾತ್ಮರನ್ನೂ ನೋಡಿರುತ್ತೀರಿ. ಆಮೇಲೆ ಫ್ಯೂಸ್ ಹೋಗುವುದಿಲ್ಲ, ವೈರಿಂಗೇ ಹೋಗುತ್ತದೆ.

ಇಷ್ಟು ಅರ್ಥವಾದರೆ ಫ್ಯೂಸಿನ ಮುಖ್ಯ ತತ್ವ ಅರ್ಥವಾದಂತೆ. *ಫ್ಯೂಸ್ ಇರುವುದು ಸಾಧನ ನಡೆಯಲಿ ಎಂದಲ್ಲ, ಬ್ಯಾಟರಿ ಮತ್ತು ವೈರು ಉಳಿಯಲಿ ಎಂದು.* ಆದ್ದರಿಂದ ಅದರ ಅಳತೆಯನ್ನು ನಿರ್ಧರಿಸಬೇಕಾದದ್ದು ನಮ್ಮ ಆಸೆಯಲ್ಲ, ಸೆಲ್ಲಿನ ತಾಕತ್ತು.

*4. ಫ್ಯೂಸ್ ಆರಿಸುವಾಗ ಕೇಳಬೇಕಾದ ಐದು ಪ್ರಶ್ನೆಗಳು*

*ಒಂದು: ಸೆಲ್ ನಿರಂತರವಾಗಿ ಎಷ್ಟು ಆಂಪಿಯರ್ ಕೊಡಬಲ್ಲದು?* ಇದು ತಯಾರಕರ ಮಾಹಿತಿ ಪತ್ರದಲ್ಲಿ ಇರುತ್ತದೆ. ಲ್ಯಾಪ್‌ಟಾಪಿನಿಂದ ತೆಗೆದ ಸೆಲ್‌ಗಳಿಗೆ ಸಾಮಾನ್ಯವಾಗಿ 4ರಿಂದ 5 ಆಂಪಿಯರ್. ಡ್ರಿಲ್ ಮೆಷಿನ್‌ನಂಥ ಉಪಕರಣಗಳಿಗೆಂದೇ ಮಾಡಿದ ಒಳ್ಳೆಯ ಸೆಲ್‌ಗಳಿಗೆ 20 ಆಂಪಿಯರ್ ಆಸುಪಾಸು. ಹೊದಿಕೆಯ ಮೇಲೆ ಮುದ್ರಿಸಿದ ಅಂಕಿಯನ್ನು ನಂಬಬೇಡಿ. 18650 ಸೆಲ್ ಮೇಲೆ "9800 ಎಂ.ಎ.ಎಚ್." ಎಂದು ಬರೆದಿದ್ದರೆ ಅದು ಸುಳ್ಳು. ಹೆಸರಾಂತ ಕಂಪನಿಗಳ ಸೆಲ್‌ಗಳೇ ಹೆಚ್ಚಾಗಿ 3500ರ ಸುತ್ತಮುತ್ತ ನಿಲ್ಲುತ್ತವೆ. ಇದರಲ್ಲಿ ಸುಳ್ಳು ಹೇಳಿದವನು ಆಂಪಿಯರಿನಲ್ಲೂ ಸುಳ್ಳು ಹೇಳಿರುತ್ತಾನೆ.

*ಎರಡು: ಸಾಧನ ಎಷ್ಟು ಆಂಪಿಯರ್ ಎಳೆಯುತ್ತದೆ?* ವೋಲ್ಟನ್ನು ಓಮ್‌ನಿಂದ ಭಾಗಿಸಿದರೆ ಆಂಪಿಯರ್. ಸುರುಳಿ 1 ಓಮ್ ಇದ್ದರೆ 4.2 ಆಂಪಿಯರ್. ಅರ್ಧ ಓಮ್ ಇದ್ದರೆ 8.4. 0.2 ಓಮ್ ಇದ್ದರೆ 21 ಆಂಪಿಯರ್. ಲೆಕ್ಕವನ್ನು ಯಾವಾಗಲೂ ಪೂರ್ತಿ ಚಾರ್ಜಿನ 4.2ರಲ್ಲಿ ಮಾಡಬೇಕು, ಸೆಲ್ ಮೇಲೆ ಬರೆದಿರುವ 3.7ರಲ್ಲಿ ಅಲ್ಲ. ಓಮ್ ಕಡಿಮೆಯಾದಷ್ಟೂ ಹೊಗೆ ಹೆಚ್ಚು ಎಂದು ಹುಡುಗರು ಸುರುಳಿಯ ಓಮ್ ಇಳಿಸುತ್ತಾ ಹೋಗುತ್ತಾರೆ. ಅವರು ಇಳಿಸುತ್ತಿರುವುದು ಸೆಲ್ಲಿನ ಆಯುಸ್ಸನ್ನು.

*ಮೂರು: ಇವೆರಡರ ನಡುವೆ ಫ್ಯೂಸಿಗೆ ಜಾಗ ಇದೆಯೇ?* ಫ್ಯೂಸ್ ಸಾಧನದ ಕರೆಂಟಿಗಿಂತ ಹೆಚ್ಚು, ಸೆಲ್ಲಿನ ಮಿತಿಗಿಂತ ಕಡಿಮೆ ಇರಬೇಕು. ಜೊತೆಗೆ ಇನ್ನೊಂದು ಸೂಕ್ಷ್ಮ. 10 ಆಂಪಿಯರ್ ಫ್ಯೂಸ್ ಎಂದರೆ 11 ಆಂಪಿಯರ್‌ಗೆ ಟಪ್ಪೆಂದು ಹೋಗುತ್ತದೆ ಎಂದಲ್ಲ. 10 ಆಂಪಿಯರನ್ನು ಅದು ಹೊತ್ತುಕೊಂಡೇ ಇರುತ್ತದೆ. ಕಾರಿನ ಬ್ಲೇಡ್ ಫ್ಯೂಸ್ 13.5 ಆಂಪಿಯರ್‌ಗೆ ಕರಗಲು ಕೆಲವು ನಿಮಿಷಗಳನ್ನೇ ತೆಗೆದುಕೊಳ್ಳಬಹುದು. 20 ಆಂಪಿಯರ್ ಹರಿದರೆ ಮಾತ್ರ ಕೆಲವೇ ಸೆಕೆಂಡಿನೊಳಗೆ ಹೋಗುತ್ತದೆ. ಆದ್ದರಿಂದ ಸಾಧನದ ಕರೆಂಟು ಫ್ಯೂಸಿನ ಅಂಕಿಯ ಮುಕ್ಕಾಲು ಪಾಲು ಮೀರದಂತೆ ಆರಿಸುವುದು ರೂಢಿ. ಮೇಲ್ಗಡೆಯೂ ಸೆಲ್ಲಿನ ಮಿತಿಗೆ ಸಾಕಷ್ಟು ಅಂತರ ಇರಬೇಕು.

*ನಾಲ್ಕು: ಫ್ಯೂಸ್ ಯಾವ ಜಾತಿಯದು?* ರೇಡಿಯೊ, ಸ್ಟೆಬಿಲೈಸರ್‌ಗಳಲ್ಲಿ ಕಾಣುವ ಸಣ್ಣ ಗಾಜಿನ ಕೊಳವೆ ಫ್ಯೂಸಿಗೆ ದೊಡ್ಡ ಕರೆಂಟನ್ನು ಸುರಕ್ಷಿತವಾಗಿ ಕಡಿಯುವ ಶಕ್ತಿ ಕಡಿಮೆ, ಎಷ್ಟೋ ಮಾದರಿಗಳಲ್ಲಿ ಅದು 35 ಆಂಪಿಯರ್ ಅಥವಾ ಫ್ಯೂಸಿನ ಅಂಕಿಯ ಹತ್ತು ಪಟ್ಟು, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟೇ. ನೂರು ಆಂಪಿಯರ್ ನುಗ್ಗಿದರೆ ಸಣ್ಣ ಅಂಕಿಯ ಗಾಜಿನ ಫ್ಯೂಸ್ ಒಡೆಯಬಹುದು, ಒಳಗೆ ಕಿಡಿ ನಿಲ್ಲದೆ ಉರಿಯಬಹುದು. ಕಾರು, ಬೈಕಿನ ಬಣ್ಣದ ಬ್ಲೇಡ್ ಫ್ಯೂಸ್ ಬ್ಯಾಟರಿಯ ಡಿ.ಸಿ. ಕರೆಂಟಿಗೆಂದೇ ಮಾಡಿದ್ದು. ಒಳ್ಳೆಯ ಕಂಪನಿಯದು 32 ವೋಲ್ಟ್‌ವರೆಗೆ 1000 ಆಂಪಿಯರ್ ಕಡಿಯಬಲ್ಲದು. ಬಣ್ಣ ನೋಡಿ ಅಳತೆ ತಿಳಿಯಬಹುದು: 3 ಆಂಪಿಯರ್ ನೇರಳೆ, 10 ಕೆಂಪು, 15 ನೀಲಿ, 20 ಹಳದಿ, 30 ಹಸಿರು.

ಪಿ.ಟಿ.ಸಿ. ಎಂಬ ಇನ್ನೊಂದು ಜಾತಿ ಇದೆ. ಅದು ಕರಗುವುದಿಲ್ಲ. ಬಿಸಿಯಾದಾಗ ಕರೆಂಟನ್ನು ಬಹುಮಟ್ಟಿಗೆ ತಡೆದು, ತಣ್ಣಗಾದ ಮೇಲೆ ಮತ್ತೆ ಬಿಡುತ್ತದೆ. ಬದಲಾಯಿಸುವ ತಾಪತ್ರಯವಿಲ್ಲ ಎಂದು ಹುಡುಗರಿಗೆ ಇಷ್ಟ. ಆದರೆ ಇದರ ಮೇಲೆ ಎರಡು ಅಂಕಿ ಇರುತ್ತವೆ: ಎಷ್ಟರವರೆಗೆ ಹೊರುತ್ತದೆ, ಎಷ್ಟಕ್ಕೆ ತಡೆಯುತ್ತದೆ. ಎರಡನೆಯದು ಮೊದಲನೆಯದರ ಸುಮಾರು ಎರಡು ಪಟ್ಟು. 7 ಆಂಪಿಯರ್ ಎಂದು ಕೊಂಡದ್ದು ತಡೆಯುವುದು 14ಕ್ಕೆ ಎಂದಾಗಬಹುದು. ತಡೆಯುವುದಕ್ಕೂ ಸೆಕೆಂಡುಗಳು ಬೇಕು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ ಆಗಬಾರದು.

*ಐದು: ಫ್ಯೂಸ್ ಎಲ್ಲಿದೆ?* ಸೆಲ್ಲಿನ ಪ್ಲಸ್ ತುದಿಗೆ ಆದಷ್ಟು ಹತ್ತಿರ ಇರಬೇಕು. ಸೆಲ್ಲಿಗೂ ಫ್ಯೂಸಿಗೂ ನಡುವೆ ಇರುವ ವೈರು ಶಾರ್ಟ್ ಆದರೆ ಫ್ಯೂಸಿಗೆ ಆ ಸುದ್ದಿಯೇ ತಿಳಿಯುವುದಿಲ್ಲ.

*5. ಈಗ ಎರಡು ಲೆಕ್ಕ*

*ಮೊದಲನೆಯದು, ಎಮರ್ಜೆನ್ಸಿ ಲ್ಯಾಂಪ್.* ಕಾಲೇಜಿನ ಹುಡುಗಿ ಲ್ಯಾಪ್‌ಟಾಪಿನ ಸೆಲ್ ಬಳಸಿ ಎಲ್.ಇ.ಡಿ. ದೀಪ ಮಾಡುತ್ತಾಳೆ. ದೀಪ ಎಳೆಯುವುದು 2 ಆಂಪಿಯರ್. ಸೆಲ್ಲಿನ ಮಿತಿ 5. ನಡುವೆ 3 ಆಂಪಿಯರಿನ ನೇರಳೆ ಬ್ಲೇಡ್ ಫ್ಯೂಸ್ ಹಾಯಾಗಿ ಕೂರುತ್ತದೆ. ದೀಪಕ್ಕೆ ತೊಂದರೆಯಿಲ್ಲ, ವೈರ್ ಶಾರ್ಟ್ ಆದರೆ ಸೆಲ್ ಉಳಿಯುತ್ತದೆ. ಜೊತೆಗೆ ಸೆಲ್ಲಿಗೆ ಒಂದು ಪ್ರೊಟೆಕ್ಷನ್ ಬೋರ್ಡ್ ಮತ್ತು ಸರಿಯಾದ ಚಾರ್ಜರ್ ಇದ್ದರೆ ಅವಳ ಕೆಲಸ ಮೆಚ್ಚಬೇಕಾದದ್ದು.

*ಎರಡನೆಯದು, ವೇಪ್.* ಅದೇ ಸೆಲ್, ಅದೇ 5 ಆಂಪಿಯರ್ ಮಿತಿ. ಸುರುಳಿ ಅರ್ಧ ಓಮ್, ಎಳೆಯುವುದು 8.4 ಆಂಪಿಯರ್. ಈಗ ಫ್ಯೂಸ್ ಆರಿಸಿ ನೋಡೋಣ. 3 ಆಂಪಿಯರಿನದು ಹಾಕಿದರೆ ಬಟನ್ ಒತ್ತಿದ ಸ್ವಲ್ಪದರಲ್ಲೇ ಹೋಗುತ್ತದೆ. 10 ಹಾಕಿದರೆ ಸಾಧನ ನಡೆಯುತ್ತದೆ, ಆದರೆ ಸೆಲ್ ತನ್ನ ಮಿತಿಯ ಮೇಲೆ ದುಡಿಯುತ್ತಿರುವುದನ್ನು ಫ್ಯೂಸ್ ಸುಮ್ಮನೆ ನೋಡುತ್ತಾ ಕೂರುತ್ತದೆ. ಇವೆರಡರ ನಡುವೆ ಸರಿಯಾದ ಫ್ಯೂಸ್ ಎಂಬುದೇ ಇಲ್ಲ. ಆದರೂ ಹುಡುಗರು ಏನು ಮಾಡುತ್ತಾರೆ? ಹೋಗದಂಥ ಫ್ಯೂಸ್ ಹುಡುಕಿ ಹಾಕುತ್ತಾರೆ. ಕಿಟ್‌ಕ್ಯಾಟಿಗೆ ತಾಮ್ರದ ತಂತಿ ಸುತ್ತಿದ ಅದೇ ಕಥೆ.

20 ಆಂಪಿಯರಿನ ಅಸಲಿ ಸೆಲ್ ತಂದರೆ? ಅರ್ಧ ಓಮ್ ಸುರುಳಿಗೆ 15 ಆಂಪಿಯರಿನ ನೀಲಿ ಫ್ಯೂಸ್ ಲೆಕ್ಕದಲ್ಲಿ ಕೂರುತ್ತದೆ, ನಿಜ. ಆದರೆ ನಾಳೆ ಸುರುಳಿಯನ್ನು 0.2 ಓಮ್‌ಗೆ ಇಳಿಸಿದ ದಿನ 21 ಆಂಪಿಯರ್ ಆಯಿತು, ಸೆಲ್ಲಿನ ಮಿತಿಯೇ ದಾಟಿತು, ಮತ್ತೆ ಫ್ಯೂಸಿಗೆ ಜಾಗವಿಲ್ಲ.

ಹೀಗಾಗಿ ಮಗ "ಫ್ಯೂಸ್ ಹಾಕಿದ್ದೀನಿ" ಎಂದಾಗ ಕೇಳಬೇಕಾದ ಪ್ರಶ್ನೆ ಇದು: "ಸೆಲ್ ಎಷ್ಟು ಆಂಪಿಯರಿನದು? ಸುರುಳಿ ಎಷ್ಟು ಎಳೆಯುತ್ತದೆ? ಫ್ಯೂಸ್ ಎಷ್ಟರದು?" ಮೂರು ಅಂಕಿಗಳನ್ನು ಅವನು ಕಾಗದದ ಮೇಲೆ ಬರೆದು ತೋರಿಸಲಾರದೆ ಹೋದರೆ ಆ ಫ್ಯೂಸ್ ಸಮಾಧಾನಕ್ಕೆ ಕಟ್ಟಿದ ತಾಯಿತವೇ ಹೊರತು ರಕ್ಷಣೆಯಲ್ಲ.

*6. ಫ್ಯೂಸಿನ ಕೈಗೆ ಸಿಗದ ಅಪಾಯಗಳು*

ಲೆಕ್ಕ ಸರಿಯಾಗಿದೆ, ಫ್ಯೂಸ್ ಒಳ್ಳೆಯದಿದೆ ಎಂದೇ ಇಟ್ಟುಕೊಳ್ಳೋಣ. ಆಗಲಾದರೂ ನೆಮ್ಮದಿಯಾಗಿ ಇರಬಹುದೇ? ಇಲ್ಲ. ಕಾರಣಗಳು ಇಲ್ಲಿವೆ.

▪️ *ಜೇಬಿನಲ್ಲಿರುವ ಬಿಡಿ ಸೆಲ್.* ಫ್ಯೂಸ್ ಇರುವುದು ಸಾಧನದಲ್ಲಿ. ಹೆಚ್ಚುವರಿ ಸೆಲ್ ಇರುವುದು ಪ್ಯಾಂಟಿನ ಜೇಬಿನಲ್ಲಿ, ಬೀಗದ ಕೈ, ಚಿಲ್ಲರೆ ನಾಣ್ಯಗಳ ಜೊತೆ. ಪ್ಲಸ್ ತುದಿಯ ಗುಂಡಿಯನ್ನು ಬಿಟ್ಟರೆ ಸೆಲ್ಲಿನ ಇಡೀ ಮೈ ಮೈನಸ್ಸೇ. ಗುಂಡಿಯ ಸುತ್ತಲಿನ ಅಂಚೂ ಮೈನಸ್ಸೇ. ಎರಡರ ನಡುವೆ ಇರುವುದು ಒಂದು ತೆಳು ಪ್ಲಾಸ್ಟಿಕ್ ಹೊದಿಕೆ, ಒಂದು ಪುಟ್ಟ ಬಳೆ. ಅದು ಹರಿದಿದ್ದರೆ ಒಂದು ರೂಪಾಯಿ ನಾಣ್ಯ ಸಾಕು.

▪️ *ಜೇಬಿನಲ್ಲಿ ತಾನೇ ಒತ್ತಿಹೋಗುವ ಬಟನ್.* ಬಸ್ಸಿನಲ್ಲಿ ಕುಳಿತಾಗ ಬಟನ್ ಒತ್ತಿಕೊಂಡರೆ ಹರಿಯುವುದು ಮಾಮೂಲಿ ಕರೆಂಟೇ. ಫ್ಯೂಸಿನ ಕಣ್ಣಿಗೆ ಅದು ತಪ್ಪಲ್ಲ. ಸುರುಳಿ ಮಾತ್ರ ಕೆಂಪಗೆ ಕಾಯುತ್ತಲೇ ಇರುತ್ತದೆ.

▪️ *ಸೆಲ್ಲಿನೊಳಗೇ ಆಗುವ ಶಾರ್ಟ್.* ಕೆಳಗೆ ಬಿದ್ದು ನೆಗ್ಗಿದ ಸೆಲ್, ಹಳೆಯದಾದ ಸೆಲ್, ತೀರಾ ಖಾಲಿ ಮಾಡಿ ಮತ್ತೆ ಚಾರ್ಜ್ ಮಾಡಿದ ಸೆಲ್ ಒಳಗಿನಿಂದಲೇ ಕೆಡುತ್ತದೆ. ಆ ಕರೆಂಟ್ ಹೊರಗಿನ ಫ್ಯೂಸಿನ ಮೂಲಕ ಹಾದು ಹೋಗುವುದೇ ಇಲ್ಲ.

▪️ *ಚಾರ್ಜ್ ಮಾಡುವಾಗ ವೋಲ್ಟ್ ಹೆಚ್ಚಾಗುವುದು.* ಯಾವುದೋ ಅಡಾಪ್ಟರನ್ನು ನೇರವಾಗಿ ಸೆಲ್ಲಿಗೆ ಕೊಟ್ಟರೆ ಸೆಲ್ 4.2 ವೋಲ್ಟ್ ದಾಟಿಹೋಗುತ್ತದೆ. ಫ್ಯೂಸ್ ಅಳೆಯುವುದು ಆಂಪಿಯರನ್ನು, ವೋಲ್ಟನ್ನಲ್ಲ. ಅರ್ಧ ಆಂಪಿಯರ್ ಹರಿಯುತ್ತಿದ್ದರೂ ಸೆಲ್ ಅತಿಯಾಗಿ ತುಂಬಿ ಹೊತ್ತಿಕೊಳ್ಳಬಹುದು.

ಇವು ಪುಸ್ತಕದ ಭಯಗಳಲ್ಲ. ಅಮೆರಿಕದ ಅಗ್ನಿಶಾಮಕ ಆಡಳಿತ 2009ರಿಂದ 2016ರವರೆಗೆ ಅಲ್ಲಿ ವರದಿಯಾದ ಇ-ಸಿಗರೇಟ್ ಬೆಂಕಿ, ಸ್ಫೋಟಗಳನ್ನು ಲೆಕ್ಕ ಹಾಕಿ 2017ರಲ್ಲಿ ವರದಿ ಕೊಟ್ಟಿತು. ಒಟ್ಟು 195 ಘಟನೆಗಳು, 133 ಗಾಯಗಳು, ಅವುಗಳಲ್ಲಿ 38 ತೀವ್ರ ಗಾಯಗಳು. ಎಲ್ಲಿ ಆದವು ಎಂಬುದನ್ನು ಗಮನಿಸಿ: 61 ಘಟನೆಗಳು ಸಾಧನವೋ ಸೆಲ್ಲೋ ಜೇಬಿನಲ್ಲಿದ್ದಾಗ, 60 ಬಳಸುತ್ತಿದ್ದಾಗ, 48 ಚಾರ್ಜ್ ಆಗುತ್ತಿದ್ದಾಗ. ಅರ್ಧಕ್ಕಿಂತ ಹೆಚ್ಚು ಘಟನೆಗಳು ಯಾರೂ ಸಾಧನವನ್ನು ಬಾಯಿಗಿಡದಿದ್ದಾಗಲೇ ಆಗಿವೆ! ಅದಾದ ಮೇಲೆ 2018ರಲ್ಲಿ ಫ್ಲಾರಿಡಾದಲ್ಲಿ, 2019ರಲ್ಲಿ ಟೆಕ್ಸಸ್‌ನಲ್ಲಿ ವೇಪ್ ಸ್ಫೋಟದಿಂದ ಒಬ್ಬೊಬ್ಬರು ಸತ್ತರು. ಟೆಕ್ಸಸ್‌ನಲ್ಲಿ ಸತ್ತವನಿಗೆ 24 ವರ್ಷ.

2021ರ ಜನವರಿಯಲ್ಲಿ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಎಲ್ಲರಿಗೂ ಒಂದು ಎಚ್ಚರಿಕೆ ಕೊಟ್ಟಿತು. ಬ್ಯಾಟರಿ ಪ್ಯಾಕಿನಿಂದ ಬಿಡಿಸಿದ 18650 ಸೆಲ್‌ಗಳನ್ನು ಕೊಳ್ಳಬೇಡಿ, ಬಳಸಬೇಡಿ ಎಂಬುದೇ ಅದರ ಸಾರ. ಪ್ಯಾಕಿನೊಳಗೆ ರಕ್ಷಣೆಯ ಬೋರ್ಡಿನ ಜೊತೆ ಬದುಕಲೆಂದು ಮಾಡಿದ ಸೆಲ್ಲನ್ನು ಒಂಟಿಯಾಗಿ ಬೀದಿಗೆ ಬಿಟ್ಟರೆ ಅಪಾಯ ಎಂದರ್ಥ.

ಮತ್ತೊಂದು ಮಾತು. ಫ್ಯೂಸ್ ಬ್ಯಾಟರಿಯನ್ನು ಕಾಯಬಹುದು, ಶ್ವಾಸಕೋಶವನ್ನು ಕಾಯುವ ಫ್ಯೂಸ್ ಇನ್ನೂ ಯಾರೂ ಮಾಡಿಲ್ಲ. ನಿಕೋಟಿನ್ ಚಟ ಹಿಡಿಸುತ್ತದೆ, ಬೆಳೆಯುವ ವಯಸ್ಸಿನ ಮೆದುಳಿಗೆ ಹಾನಿ ಮಾಡುತ್ತದೆ.

*7. ಸುಟ್ಟರೆ ಏನು ಮಾಡಬೇಕು?*

ಈ ಭಾಗವನ್ನು ದಯವಿಟ್ಟು ಮನೆಯ ಎಲ್ಲರಿಗೂ ಓದಿ ಹೇಳಿ. ಫೋನ್, ಪವರ್ ಬ್ಯಾಂಕ್, ಇ-ಸ್ಕೂಟರ್ ಬ್ಯಾಟರಿ ಯಾವುದೇ ಆದರೂ ಇದು ಅನ್ವಯಿಸುತ್ತದೆ.

✅ ಹೊಗೆಯಾಡುವ ಸಾಧನವನ್ನು ಕೈಯಲ್ಲಿ ಎತ್ತಿ ಎಸೆಯಲು ಹೋಗಬೇಡಿ. ಜೇಬಿನಲ್ಲಿದ್ದರೆ ಪ್ಯಾಂಟನ್ನೇ ಬಿಚ್ಚಿ ಬಿಸಾಡಿ. ನಾಚಿಕೆಗೆ ಅದು ಸಮಯವಲ್ಲ.

✅ ಹೊಗೆ ವಿಷಕಾರಿ. ಎಲ್ಲರೂ ಕೋಣೆಯಿಂದ ಹೊರಗೆ ಬನ್ನಿ, ಬಾಗಿಲು ಎಳೆದುಕೊಳ್ಳಿ, 101 ಅಥವಾ 112ಕ್ಕೆ ಫೋನ್ ಮಾಡಿ. ಬೆಂಕಿ ಆರಿದಂತೆ ಕಂಡರೂ ಸೆಲ್ ಮತ್ತೆ ಹೊತ್ತಿಕೊಳ್ಳಬಹುದು.

✅ ಸುಟ್ಟ ಜಾಗದ ಬಟ್ಟೆ, ಉಂಗುರ, ವಾಚು, ಬಳೆ ತೆಗೆಯಿರಿ. ಚರ್ಮಕ್ಕೆ ಅಂಟಿದ ಬಟ್ಟೆಯನ್ನು ಮಾತ್ರ ಎಳೆಯಬೇಡಿ.

✅ ನಲ್ಲಿಯ ತಣ್ಣೀರನ್ನು *20 ನಿಮಿಷ* ಹರಿಯಬಿಡಿ. ಗಡಿಯಾರ ನೋಡಿಕೊಂಡು ಎಣಿಸಿ. ಕಣ್ಣಿಗೆ ಸಿಡಿದಿದ್ದರೆ ರೆಪ್ಪೆ ಬಿಡಿಸಿ ಶುದ್ಧ ನೀರಿನಲ್ಲಿ ಅಷ್ಟೇ ಹೊತ್ತು ತೊಳೆಯಿರಿ.

❌ ಐಸ್, ಟೂತ್‌ಪೇಸ್ಟ್, ತುಪ್ಪ, ಬೆಣ್ಣೆ, ಅರಿಶಿನ, ಇಂಕು, ಕಾಫಿಪುಡಿ ಯಾವುದೂ ಬೇಡ. ಅಜ್ಜಿ ಹೇಳಿದರೂ ಬೇಡ.

✅ ನಂತರ ಒಗೆದ ಹತ್ತಿ ಬಟ್ಟೆಯಿಂದ ಸಡಿಲವಾಗಿ ಮುಚ್ಚಿ ಆಸ್ಪತ್ರೆಗೆ ಹೊರಡಿ. ವೈದ್ಯರಿಗೆ *"ಲಿಥಿಯಂ ಬ್ಯಾಟರಿ ಸಿಡಿದದ್ದು"* ಎಂದು ಸ್ಪಷ್ಟವಾಗಿ ಹೇಳಿ. ಇದು ಬರೀ ಬೆಂಕಿಯ ಗಾಯವಲ್ಲ, ಒಳಗಿನ ರಾಸಾಯನಿಕವೂ ಚರ್ಮವನ್ನು ಸುಟ್ಟಿರಬಹುದು. ಪೊಲೀಸರ ಭಯಕ್ಕೆ "ಬಿಸಿನೀರು ಬಿತ್ತು" ಎಂದು ಸುಳ್ಳು ಹೇಳಿದರೆ ಚಿಕಿತ್ಸೆಯೇ ತಪ್ಪಬಹುದು.

✅ ಕೈ, ಮುಖ, ಕಣ್ಣು, ಗುಪ್ತಾಂಗಗಳ ಗಾಯ ಸಣ್ಣದೆನಿಸಿದರೂ ಸುಟ್ಟಗಾಯದ ವಿಭಾಗ ಇರುವ ಆಸ್ಪತ್ರೆಗೇ ಹೋಗಿ. ಜೇಬಿನಲ್ಲಿ ಸಿಡಿದಾಗ ತೊಡೆ, ತೊಡೆಸಂದು ಸುಡುವುದೇ ಹೆಚ್ಚು. ಮುಂಬೈಯವರಿಗೆ ಬೈಕುಲಾದ ಮಸೀನಾ ಮತ್ತು ಐರೋಲಿಯ ನ್ಯಾಷನಲ್ ಬರ್ನ್ಸ್ ಸೆಂಟರ್, ಚೆನ್ನೈಯವರಿಗೆ ಕೀಲ್ಪಾಕ್ ಮೆಡಿಕಲ್ ಕಾಲೇಜು, ದೆಹಲಿಯವರಿಗೆ ಸಫ್ದರ್‌ಜಂಗ್, ಹೈದರಾಬಾದಿನವರಿಗೆ ಉಸ್ಮಾನಿಯಾ ಆಸ್ಪತ್ರೆ ಇವೆ. ಪುಣೆ ಮತ್ತು ಬೇರೆ ಊರಿನವರು ಹತ್ತಿರದ ಬರ್ನ್ಸ್ ವಾರ್ಡ್ ಎಲ್ಲಿದೆ ಎಂದು ಇವತ್ತೇ ವಿಚಾರಿಸಿ ಫೋನಿನಲ್ಲಿ ಬರೆದಿಟ್ಟುಕೊಳ್ಳಿ.

*8. ಮಗನೊಂದಿಗೆ ಮಾತು*

ಸಾಧನ ಸಿಕ್ಕಿತು ಎಂದುಕೊಳ್ಳಿ. ಕಿರುಚಿ, ಕಿತ್ತು, ಕಸದ ಡಬ್ಬಿಗೆ ಎಸೆಯಬೇಡಿ. ಕಸದ ಗಾಡಿಯಲ್ಲಿ ಜಜ್ಜಿಹೋದ ಲಿಥಿಯಂ ಸೆಲ್ಲಿನಿಂದ ಪೌರಕಾರ್ಮಿಕರ ಕೈ ಸುಡುತ್ತದೆ. ಸೆಲ್ ಹೊರಗೆ ತೆಗೆಸಿ, ಎರಡೂ ತುದಿಗಳಿಗೆ ಇನ್ಸುಲೇಷನ್ ಟೇಪ್ ಹಚ್ಚಿ, ಒಂದೊಂದನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಕೊಡಿ.

ಆಮೇಲೆ ಕೂತು ಮಾತನಾಡಿ. ಸುರುಳಿ ಸುತ್ತಿ, ಓಮ್ ಅಳೆದು, ಫ್ಯೂಸ್ ಹುಡುಕಿದ ಹುಡುಗ ದಡ್ಡನಲ್ಲ. ಅವನ ಕೈಯಲ್ಲಿ ಕೆಲಸ ಇದೆ. "ನಿನ್ನ ಲೆಕ್ಕ ತೋರಿಸು" ಎಂದು ಕೇಳಿದರೆ ಅವನು ಕೂರುತ್ತಾನೆ, "ಪೊಲೀಸಿಗೆ ಕೊಡ್ತೀನಿ" ಎಂದರೆ ಬಾಗಿಲು ಹಾಕಿಕೊಳ್ಳುತ್ತಾನೆ. ಮೇಲಿನ ಎರಡು ಲೆಕ್ಕಗಳನ್ನು ಅವನಿಂದಲೇ ಮಾಡಿಸಿ. ವೇಪ್‌ನಲ್ಲಿ ಫ್ಯೂಸಿಗೆ ಜಾಗವಿಲ್ಲ ಎಂಬುದನ್ನು ನೀವು ಹೇಳುವುದಕ್ಕಿಂತ ಅವನ ಪೆನ್ನೇ ಹೇಳಲಿ. ಅದೇ ಕೈಗೆ ಲ್ಯಾಂಪಿನ ಕೆಲಸ ಕೊಡಿ.

ಹಾಸ್ಟೆಲಿನಲ್ಲಿರುವ ಮಗನಾದರೆ ಈ ಲೇಖನವನ್ನು ಬರೀ ಫಾರ್ವರ್ಡ್ ಮಾಡಿ ಸುಮ್ಮನಾಗಬೇಡಿ, ಫೋನ್ ಮಾಡಿ. "ಬಿಡಿ ಸೆಲ್ ಜೇಬಿನಲ್ಲಿ ಇಟ್ಕೋಬೇಡ, ಹಾಸಿಗೆ ಮೇಲೆ ಚಾರ್ಜಿಗೆ ಹಾಕಿ ಮಲಗಬೇಡ" ಎಂಬ ಎರಡು ಮಾತನ್ನಾದರೂ ಹೇಳಿ. ಬಿಡುವುದು ನಾಳೆಯಾದರೂ ಇವತ್ತಿನ ರಾತ್ರಿ ಸುರಕ್ಷಿತವಾಗಿ ಕಳೆಯಲಿ.

ಚಟ ಬಿಡಲು ಸಹಾಯ ಬೇಕಾದರೆ ರಾಷ್ಟ್ರೀಯ ತಂಬಾಕು ಕ್ವಿಟ್‌ಲೈನ್ ಇದೆ: *1800-112-356*. ಕರೆ ಉಚಿತ. ಬೆಂಗಳೂರಿನ ನಿಮ್ಹಾನ್ಸ್ ಕೂಡ ಈ ಸೇವೆಯ ಒಂದು ಕೇಂದ್ರ.

*ನೆನಪಿಡಬೇಕಾದದ್ದು ಇಷ್ಟು:*
🔹 ಫ್ಯೂಸಿನ ಅಳತೆ ಸೆಲ್ಲಿನ ಮಿತಿಗಿಂತ ಕಡಿಮೆ, ಸಾಧನದ ಕರೆಂಟಿಗಿಂತ ಹೆಚ್ಚು. ನಡುವೆ ಜಾಗವಿಲ್ಲದಿದ್ದರೆ ಆ ಸಾಧನವೇ ಬೇಡ.
🔹 ಹೋದ ಫ್ಯೂಸಿಗೆ ದೊಡ್ಡ ಫ್ಯೂಸ್ ಉತ್ತರವಲ್ಲ. ಅದು ಯಾಕೆ ಹೋಯಿತು ಎಂದು ಹುಡುಕಿ.
🔹 ಫ್ಯೂಸ್ ತಡೆಯುವುದು ಹೊರಗಿನ ಶಾರ್ಟನ್ನು ಮಾತ್ರ. ಜೇಬು, ಚಾರ್ಜರ್, ನೆಗ್ಗಿದ ಸೆಲ್ ಇವು ಅದರ ಕೈಗೆ ಸಿಗುವುದಿಲ್ಲ.
🔹 ಬಿಡಿ ಸೆಲ್ ಯಾವಾಗಲೂ ಪ್ಲಾಸ್ಟಿಕ್ ಡಬ್ಬಿಯಲ್ಲಿ.
🔹 ಸುಟ್ಟರೆ 20 ನಿಮಿಷ ತಣ್ಣೀರು, ಆಮೇಲೆ ಆಸ್ಪತ್ರೆ.

ಮುಂದಿನ ಸಲ "ಫ್ಯೂಸ್ ಹಾಕಿದ್ದೀನಿ, ಏನೂ ಆಗಲ್ಲ" ಎಂಬ ಮಾತು ಕೇಳಿದರೆ ನಕ್ಕು ಹೇಳಿ: "ಸರಿ ಕಣೋ, ಜೇಬಿಗೆ ಯಾವ ಫ್ಯೂಸ್ ಹಾಕಿದ್ದೀಯ?"

ಉಪಯುಕ್ತ ಎನಿಸಿದರೆ ನಿಮ್ಮ ಕನ್ನಡ ಸಂಘದ ಗುಂಪಿಗೆ, ಕಾಲೇಜು ಓದುವ ಮಕ್ಕಳಿರುವ ಬಂಧುಗಳಿಗೆ ಕಳುಹಿಸಿ.